ನರಸೀಪುರಕ್ಕೆ ಉಗಿಯಂತ್ರದ ಜೊತೆ

ಮೈಸೂರಿನಿಂದ ನಂಜನಗೂಡಿಗೆ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಆಧಾರ್ ತೋರಿಸಿದೆ, ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ. ಅಲ್ಲಿಂದ ಹೆಮ್ಮರಗಾಲಕ್ಕೆ ಮಾತ್ರ ಆಟೋದವನು ಇನ್ನೂರು ಕಿತ್ತ. ನನ್ನ ಹಳೆಯ ವಿದ್ಯಾರ್ಥಿ ಶಿವಣ್ಣ ಈಗ ವೆಲ್ಡಿಂಗ್ ಕೆಲಸದವನು. ಬಿಡುವಿನಲ್ಲೆಲ್ಲ ಕೂತು, ಒಣ ಕಬ್ಬಿನ ಸಿಪ್ಪೆ ಉರಿಸಿ ಓಡಿಸುವ ಉಗಿಯಂತ್ರವೊಂದನ್ನು ಕಟ್ಟಿದ್ದಾನೆ. ಅದನ್ನು ನೋಡಲು ನನ್ನನ್ನು ಕರೆದಿದ್ದ.

ಅವನ ಹೆಂಡತಿ ಮಾದೇವಿ ನರಸೀಪುರದ ಬಸ್ ನಿಲ್ದಾಣದ ಬಳಿ ಕಬ್ಬಿನ ಹಾಲು ಮಾರುತ್ತಾಳೆ. ಅವಳ ಗಾಣ ತಿರುಗುವುದು ಡೀಸೆಲ್ಲಿನಿಂದ. ಇವತ್ತು ಆ ಗಾಣವನ್ನು ಉಗಿ ತಿರುಗಿಸಬೇಕು, ಇಲ್ಲದಿದ್ದರೆ ಯಂತ್ರ ಗುಜರಿಗೆ. ಇದು ಅವಳ ತೀರ್ಮಾನ. ನಾಲ್ಕು ವರ್ಷದ ಕೆಲಸ ಲಗೇಜ್ ಆಟೋ ಏರಿತು. ದಾರಿಯಲ್ಲಿ ಇಡ್ಲಿ ತಿನ್ನೋಣವೆಂದರೆ ಶಿವಣ್ಣ ಇಳಿಯಲೇ ಇಲ್ಲ. ಯಂತ್ರ ಬಿಟ್ಟು ಬರುವುದಿಲ್ಲವಂತೆ!

ನರಸೀಪುರ ಮುಟ್ಟಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಕುಲುಕಾಟಕ್ಕೆ ಬಾಯ್ಲರಿನ ಒಂದು ಜಾಯಿಂಟು ಸಡಿಲಗೊಂಡು ನೀರು ತೊಟ್ಟಿಕ್ಕುತ್ತಿತ್ತು.

"ಲಾರಿ ರೇಡಿಯೇಟರ್ ಸೋರುದ್ರೆ ಅರಿಸ್ನ ಆಕಲ್ವಾ ಮೇಡಂ? ನಿಂತೋಯ್ತದೆ" ಎಂದ ಶಿವಣ್ಣ. ನಾನೂ ತಲೆಯಾಡಿಸಿದೆ. ಅವನು ಒಂದು ಹಿಡಿ ಅರಿಸಿನ ಪುಡಿ ಸುರಿದು, ಮಾದೇವಿಯ ಗಾಣಕ್ಕೆ ಬೆಲ್ಟು ಜೋಡಿಸಿ ಬೆಂಕಿ ಹಾಕಿದ.

ಅರಿಸಿನಕ್ಕೆ ಬಾಯ್ಲರಿನೊಳಗೆ ನೀರು ನೊರೆಗಟ್ಟಿ ಉಕ್ಕಿ, ಉಗಿಯ ಜೊತೆ ಕೊಳವೆಗೂ ನುಗ್ಗಿತು. ಗಾಣ ಅರ್ಧ ಸುತ್ತು ತಿರುಗಿ ನಿಂತಿತು. ಉಗಿಯ ಕೊಳವೆಯಿಂದ ಚಿಮ್ಮಿದ ಹಳದಿ ನೀರು ಲೋಟಕ್ಕಾಗಿ ಕಾಯುತ್ತಿದ್ದ ಹಿರಿಯರೊಬ್ಬರ ಬಿಳಿ ಅಂಗಿಗೆ ಬಿತ್ತು. ಪುಣ್ಯಕ್ಕೆ, ಅಲ್ಲಿಗೆ ಬೀಳುವಷ್ಟರಲ್ಲಿ ಆರಿತ್ತು.

"ಓಕುಳಿ ಆಡಕ್ ಬಂದಿದ್ದೀರಾ? ಎತ್ತಿ ಅತ್ಲಾಗೆ!" ಮಾದೇವಿ ಗಂಡನ ಮೇಲೆ ಹರಿಹಾಯ್ದಳು.

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವಳು, ನೊರೆಯ ಸಂಗತಿ ನನಗಾದರೂ ಹೊಳೆಯಬೇಡವೇ? "ತಪ್ಪು ನನ್ನದೂ ಇದೆ ಕಣಮ್ಮ, ಒಂದು ಗಂಟೆ ಕೊಡು" ಎಂದೆ. ಅವಳು ಬೇಡ ಎನ್ನಲಿಲ್ಲ.

ಬೆಂಕಿ ಆರಿಸಿ, ಉಗಿ ಬಿಟ್ಟು, ನೀರು ಚೆಲ್ಲಿ ತೊಳೆದೆವು. ನಾನು ಪೈಪು ಹಿಡಿದುಕೊಂಡೆ, ಅವನು ಜಾಯಿಂಟಿಗೆ ಹೊಸ ನೂಲು ಸುತ್ತಿ ಬಿಗಿದ. ಬರೀ ನೀರು ತುಂಬಿ ಮತ್ತೆ ಸಿಪ್ಪೆ ಉರಿಸಿದ. ಒತ್ತಡದ ಮುಳ್ಳು ನಿಧಾನಕ್ಕೆ ಏರಿತು, ಚಕ್ರ ತಿರುಗಿತು, ಬೆಲ್ಟು ಗಾಣವನ್ನು ಎಳೆಯಿತು. ಮಾದೇವಿ ಅನುಮಾನದಿಂದಲೇ ಒಂದು ಜಲ್ಲೆ ತೂರಿಸಿದಳು. ಗಾಣ ಅದನ್ನು ನುಂಗಿ ಹಾಲು ಸುರಿಸಿತು. ಇನ್ನೊಂದು ಹಾಕಿದಳು, ಮತ್ತೊಂದು ಹಾಕಿದಳು. ಮೊದಲ ಲೋಟ ಅಂಗಿ ಹಳದಿಯಾದವರಿಗೇ ಸಂದಿತು. ನನಗೆ ಸಂತೋಷಕ್ಕೆ ಅಳುವೇ ಬಂತು.

ನಾಲ್ಕರ ಬಸ್ಸು ಹತ್ತಿ ಕಿಟಕಿಯಿಂದ ನೋಡಿದೆ. ದಿನವೂ ಎಸೆಯುತ್ತಿದ್ದ ಹಸಿ ಸಿಪ್ಪೆಯನ್ನು ಮಾದೇವಿ ಬಿಸಿಲಿಗೆ ಹರಡುತ್ತಿದ್ದಳು. ಶಿವಣ್ಣ ಅಡ್ಡ ಬಂದ.

"ತುಳೀಬ್ಯಾಡಿ, ಸರೀರಿ" ಎಂದು ಗದರಿದಳು. "ನಾಳಿಕ್ಕೆ ಒಣಗ್ಬೇಕು."