ಅರಿಶಿನದ ಜೊತೆ ಬಂದ ಕೋರೆ

ಕೆರೆಯ ಕೋರೆಯೂ ಹೊಲದ ಕೋರೆಯೂ ಒಂದೇ ಕುಲದವು ಎಂದು, ಗಿಡಮರಗಳ ಪಾಠ ಓದುವ ನನ್ನ ಮೊಮ್ಮಗಳು ಮೊನ್ನೆ ಹೇಳಿದಳು. ಪುಸ್ತಕ ತಂದು ಚಿತ್ರವನ್ನೂ ತೋರಿಸಿದಳು. ಇರಬಹುದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆಲ್ಲ ಒಂದೇ ಗುಣದವರೇನು? ಇದೇ ಮಾತನ್ನು ಪುಸ್ತಕವಿಲ್ಲದೆ ನನ್ನ ಮಾವ ಹೇಳಿದ್ದ. ಆ ಒಂದು ಮಾತಿಗೆ ನಾನು ಚೊಚ್ಚಲ ಹೆರಿಗೆಯಲ್ಲಿ ತವರು ಕಾಣದೆ ಹೋದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಆದರೆ ಮಾವನವರು ಎಂದು ಬಹುವಚನ ಕೊಡಲು ಇಂದಿಗೂ ನನಗೆ ಮನಸ್ಸು ಬರುವುದಿಲ್ಲ.

ಕನ್ನಡದ ಪುಸ್ತಕಗಳಲ್ಲಿ ಇದಕ್ಕೆ ಜೇಕು ಎಂದು ಹೆಸರು. ನಮ್ಮ ಸೇಲಂ ಜಿಲ್ಲೆಯ ಕನ್ನಡದವರು ತಮಿಳರಂತೆ ಕೋರೆ ಎಂದೇ ಕರೆಯುತ್ತೇವೆ. ನೋಡಿದವರು ಹುಲ್ಲು ಎಂದುಕೊಳ್ಳುತ್ತಾರೆ, ಆದರೆ ಅದು ಹುಲ್ಲಲ್ಲ. ಹುಲ್ಲಿನ ಕಡ್ಡಿ ದುಂಡಗೆ, ಒಳಗೆ ಟೊಳ್ಳು, ನಡುನಡುವೆ ಗೆಣ್ಣು. ಕೋರೆಯ ಕಡ್ಡಿಗೆ ಗೆಣ್ಣಿಲ್ಲ, ಟೊಳ್ಳಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊರಳಿಸಿದರೆ ಮೂರು ಅಂಚು ಕೈಗೆ ತಾಗುತ್ತದೆ. ಎಲೆಗಳೂ ಮೂರು ಕಡೆಗೇ ಹೊರಡುತ್ತವೆ. ತುದಿಯಲ್ಲಿ ಬಟ್ಟೆ ಹರಿದ ಕೊಡೆಯ ಕಡ್ಡಿಗಳಂತೆ ಹೂಗೊಂಚಲು. ಇಷ್ಟು ಎಲ್ಲ ಕೋರೆಗೂ ಒಂದೇ.

ಉಳಿದದ್ದು ಬೇರೆ. ಪೆನ್ನಾಗರಂ ಪಕ್ಕದ ನಮ್ಮ ಊರಿನ ಕೆರೆಯಲ್ಲಿ ಬೆಳೆಯುತ್ತಿದ್ದದ್ದು ಚಾಪೆಯ ಕೋರೆ. ಹೆಂಗಸರ ಎದೆಯ ಮಟ್ಟ ನಿಲ್ಲುತ್ತಿತ್ತು. ಅದರ ಬೇರು ಕೆಸರಿನೊಳಗೆ ಅಡ್ಡಡ್ಡ ಹರಿಯುತ್ತದೆ, ಗಡ್ಡೆ ಕಟ್ಟುವುದಿಲ್ಲ. ಕಾಲಡಿ ನೀರು ಆರಿದರೆ ಅದು ಬದುಕುವುದೂ ಇಲ್ಲ. ಗದ್ದೆಯಲ್ಲಿ ಹಳದಿ ತಲೆಯ ಇನ್ನೊಂದು ಬರುತ್ತದೆ, ಎಳೆದರೆ ಬೇರುಸಮೇತ ಕೈಗೆ ಬರುವ ಸಾಧು. ಹೊಲದ ಕೋರೆ ಮಾತ್ರ ಮಾರಿ. ಮೊಣಕಾಲ ಎತ್ತರ ಕೂಡ ಇಲ್ಲ. ಮಣ್ಣಿನೊಳಗೆ ದಾರಕ್ಕೆ ಪೋಣಿಸಿದ ಹಾಗೆ ಕಪ್ಪು ಗಡ್ಡೆಗಳು. ಮೇಲೆ ಕಿತ್ತರೆ ದಾರ ಹರಿಯುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ, ಒಂದೊಂದೂ ಮತ್ತೆ ಚಿಗುರುತ್ತದೆ. ಕೆರೆಯ ಕೋರೆಗೆ ನೀರು ಬೇಕು, ಇದಕ್ಕೆ ಎಲ್ಲಿಯಾದರೂ ಸರಿ. ಗಡ್ಡೆ ಮುರಿದು ಮೂಸಿದರೆ ಒಳ್ಳೆಯ ವಾಸನೆ ಬರುತ್ತದೆ ಎಂಬುದು ಬೇರೆ ಮಾತು.

ನಮ್ಮ ಊರಿನ ಹೆಣ್ಣುಮಕ್ಕಳು ಮದುವೆಯಾಗಿ ಹೋಗುವಾಗ ತಾಯಿ ಕೆರೆಯಿಂದ ಕೋರೆಯ ಒಂದು ಬುಡ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಿಗೆ ಹಾಕುತ್ತಿದ್ದಳು. ಗಂಡನ ಊರಿನಲ್ಲಿ ನೀರು ನಿಲ್ಲುವ ಜಾಗ ನೋಡಿ ನೆಡಬೇಕು. ನಿನಗೆ ಹುಟ್ಟುವ ಮಗಳಿಗೆ ಚಾಪೆ ಅದರಲ್ಲೇ ಆಗಲಿ ಎಂದು ಅರ್ಥ. ಮೇಟ್ಟೂರಿನಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲದಲ್ಲಿ ನನ್ನನ್ನು ಕಂಬೈನಲ್ಲೂರಿನ ಕಡೆ ಕೊಟ್ಟರು. ಸೇಲಂನ ನಮ್ಮ ಭಾಷೆಯ ನೇಕಾರರು ನೇಯ್ದ ಸೀರೆ ಉಟ್ಟುಕೊಂಡು, ಮಡಿಲಲ್ಲಿ ಕೆಸರು ಸೋರುವ ಗಂಟು ಇಟ್ಟುಕೊಂಡು ಹೊಸ್ತಿಲು ದಾಟಿದೆ. ಎತ್ತು ಕಟ್ಟಿ ಬಾವಿಯಿಂದ ಎಳೆಸುವ ಕಪಿಲೆಯ ನೀರು ಬಂದು ಬೀಳುವ ತೊಟ್ಟಿಯ ಪಕ್ಕ ಅದನ್ನು ನೆಟ್ಟೆ. ಚೆನ್ನಾಗಿ ಹಿಡಿಯಿತು.

ಅದೇ ವರ್ಷ ಮಾವ ಹರೂರಿನಿಂದ ಬಿತ್ತನೆಯ ಅರಿಶಿನ ತಂದ. ರಾಗಿ ಬೆಳೆಯುವವರ ನಡುವೆ ಅರಿಶಿನದ ಒಡೆಯ ಅನ್ನಿಸಿಕೊಳ್ಳುವ ಚಪಲ. ಗಾಡಿ ಇಳಿಸುವಾಗ ಊರಿಗೆಲ್ಲ ಕೇಳುವ ಹಾಗೆ ಮಾತು. ಆ ಗಡ್ಡೆಗಳನ್ನು ಅಂಗಳದಲ್ಲಿ ಸುರಿದು ಆರಿಸಿದವಳು ನನ್ನ ಅತ್ತೆ. ಅಂಟಿಕೊಂಡಿದ್ದ ಮಣ್ಣಿನಲ್ಲಿ ಕಪ್ಪು ಕಾಳಿನಂಥವು ಸಿಕ್ಕವು. ಅವಳು ಒಂದನ್ನು ಕೈಯಲ್ಲಿ ಹಿಡಿದು ಮೂಸಿ, ಗಂಡನ ಕಡೆ ನೋಡಿ, ಸುಮ್ಮನೆ ಮಣ್ಣಿಗೆ ಬಿಟ್ಟಳು. ನಾನು ಪಕ್ಕದಲ್ಲೇ ಕೂತಿದ್ದೆ. ಮಣ್ಣು ಸಮೇತ ಎಲ್ಲವೂ ತೋಟಕ್ಕೆ ಹೋಯಿತು.

ಮಳೆ ಬಿದ್ದ ಮೇಲೆ ಅರಿಶಿನಕ್ಕಿಂತ ಮೊದಲು ಕೋರೆ ಎದ್ದಿತು. ಅರಿಶಿನ ಇಟ್ಟ ಸಾಲುಗಳ ಮೇಲೇ ಎದ್ದಿತು, ಬದುವಿನ ಆಚೆಯ ರಾಗಿಯಲ್ಲಿ ಒಂದು ಎಸಳೂ ಇಲ್ಲ. ಕಣ್ಣಿದ್ದವರಿಗೆ ಇಷ್ಟು ಸಾಕು. ಆದರೆ ಮಾವ ಸಾಲಿನ ಕಡೆ ನೋಡಲಿಲ್ಲ. ನೆಟ್ಟಗೆ ತೊಟ್ಟಿಯ ಹತ್ತಿರ ಹೋಗಿ ನನ್ನ ಗಿಡದ ಮುಂದೆ ನಿಂತ.

"ಇದೇನಿದು?"

"ಚಾಪೆ ಕೋರೆ ಮಾವ, ನಮ್ಮವ್ವ ಕೊಟ್ಟಿದ್ದು."

"ಕೋರೇನ ಯಾರಾದ್ರೂ ಮಡ್ಲಲ್ಲಿ ಕಟ್ಕೊಂಡು ಬತ್ತಾರಾ? ತೋಟವೆಲ್ಲ ಕೆಡಿಸ್ಬುಟ್ಟಲ್ಲ!"

"ಇದು ಬೇರೆ, ಅದು ಬೇರೆ. ಇದಕ್ಕೆ ಗಡ್ಡೆ ಇಲ್ಲ. ಕಿತ್ತು ನೋಡಿ ಬೇಕಾದ್ರೆ."

"ಎಲ್ಲಾ ಒಂದೇ ಕುಲ. ಯಾರ್ಗೆ ಏಳಿಕೊಡ್ತೀಯ ನೀನು?"

ಕಿತ್ತು ನೋಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನೋಡಲಿಲ್ಲ, ನನ್ನ ಕೈಯಿಂದಲೇ ಕೀಳಿಸಿ, ಬುಡದ ಕಡೆ ತಿರುಗಿಯೂ ನೋಡದೆ ಬೆಂಕಿಗೆ ಹಾಕಿಸಿದ. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು. ಗಂಡ ಎನ್ನಿಸಿಕೊಂಡವನು ಎತ್ತಿನ ಹಗ್ಗ ಹಿಡಿದು ನಿಂತಿದ್ದ. ಎತ್ತುಗಳಾದರೂ ಬಾಲ ಬೀಸುತ್ತಿದ್ದವು, ಇವನು ಅದನ್ನೂ ಮಾಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಎಮ್ಮೆ ನಾನು.

ಅಷ್ಟಕ್ಕೆ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ತೋಟದಿಂದ ಕೋರೆ ಹೋಗುವವರೆಗೆ ನಾನು ತವರಿಗೆ ಹೋಗಕೂಡದು, ತವರಿನವರು ಈ ಹೊಸ್ತಿಲು ತುಳಿಯಕೂಡದು ಎಂದು ಊರವರ ಎದುರು ಆಣೆ ಹಾಕಿದ. ಹೊಲದ ಕೋರೆ ಯಾವತ್ತು ಹೋಗಿದೆ? ಹೋಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ನಾನಾಗ ಬಸುರಿ. ಹೊಟ್ಟೆ ಹೊತ್ತುಕೊಂಡು ಗುದ್ದಲಿ ಹಿಡಿದು ಅಗೆದೆ. ಕಿತ್ತ ಕಡೆ ಎರಡರಷ್ಟು ಬಂತು. ಇನ್ನೂ ಆಳಕ್ಕೆ ಅಗೆದೆ. ಒಂದು ದಿನ ತೋಟ ಬರಿದಾಗಿ, ನಾನು ತವರಿನಲ್ಲಿ ಹೆರಬಹುದು ಎಂಬ ಆಸೆಗೆ ಅಗೆದೆ. ಪಕ್ಕದ ತೋಟದ ತಮಿಳು ಹೆಂಗಸು ಬೇಲಿಯಾಚೆಯಿಂದ "ಪೋದುಂ ಮ್ಮಾ, ಸುಮ್ಮಾ ಉಕ್ಕಾರು" ಎಂದು ಗದರುತ್ತಿದ್ದಳು. ನಮ್ಮವರು ಯಾರೂ ಸಾಕು, ಕೂತುಕೋ ಎನ್ನಲಿಲ್ಲ.

ದಿನ ತುಂಬಿದಾಗ ಅವ್ವ ತಾನೇ ಬಂದಳು. ಬಾಣಂತಿ ಮಲಗಲಿ ಎಂದು ನೇಯ್ದ ಹೊಸ ಚಾಪೆಯನ್ನು ಸುರುಳಿ ಮಾಡಿ ತಲೆಯ ಮೇಲೆ ಹೊತ್ತಿದ್ದಳು. ಕೋರೆಯ ಚಾಪೆ ಮೈಗೆ ತಂಪು. ಮಾವ ಬಾಗಿಲಿಗೆ ಅಡ್ಡ ನಿಂತು, "ಈ ಸಲ ಏನ್ ತಂದೆ? ಮನೇಗೂ ಅಂಟಿಸ್ತೀಯಾ?" ಎಂದ. ಒಳಗೆ ನನಗೆ ನೋವು ಎದ್ದಿತ್ತು. ಅವ್ವನ ದನಿ ಕೇಳಿ ನಾನು ಕೂಗಿದೆ. ಅತ್ತೆ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿದಳು. ಅವ್ವ ಚಾಪೆಯನ್ನು ಜಗಲಿಯ ಮೇಲಿಟ್ಟು ಹಿಂದಿರುಗಿದಳಂತೆ. ಮಗಳು ಹುಟ್ಟಿದಳು. ನಾನು ಗೋಣಿತಟ್ಟಿನ ಮೇಲೆ ಹೆತ್ತೆ. ಆ ಚಾಪೆಯ ಮೇಲೆ ಅವರು ರಾಗಿ ಒಣಗಿಸಿದರು.

ಮರುವರ್ಷ ಮಗು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಮಾವನಿಗೆ ಜ್ವರ ಹಿಡಿಯಿತು. ಏರುತ್ತಿತ್ತು, ಇಳಿಯುತ್ತಿತ್ತು, ಬಿಡುತ್ತಿರಲಿಲ್ಲ. ಮೈ ಉರಿ ಎಂದು ಕೊನೆಗೆ ಅವ್ವನ ಚಾಪೆಯನ್ನೇ ಕೊಡವಿ ಹಾಸಿಕೊಂಡು ಮಲಗಿದ. ಕಂಬೈನಲ್ಲೂರಿನಿಂದ ಬಂದ ನಾಟಿ ವೈದ್ಯ ನಾಡಿ ನೋಡಿ, "ಹೊಲದ ಕೋರೆ ಗಡ್ಡೆ ಕುಟ್ಟಿ, ಒಣಶುಂಠಿ ಹಾಕಿ ಕಷಾಯ ಕಾಸಿ ಕೊಡಿ" ಎಂದು ಹೇಳಿ ಹೋದ. ಅತ್ತೆ ನನ್ನ ಮುಖ ನೋಡಿದಳು. ಕೋರೆ ಅಗೆಯುವುದು ಆ ಮನೆಯಲ್ಲಿ ನನ್ನ ಕೆಲಸವಾಗಿತ್ತಲ್ಲ.

ಅಗೆದೆ. ತೊಳೆದೆ. ಮೊರದ ತುಂಬ ತಂದು ಮಾವನ ತಲೆಯ ಹತ್ತಿರ ಇಟ್ಟು ಕೂತೆ.

"ಈ ಗಡ್ಡೆ ಎಲ್ಲಿಂದ ಬಂತು ಅಂತ ಏಳಿ ಮಾವ. ಆಮೇಲೆ ಕುಟ್ತೀನಿ."

ಅತ್ತೆ ಬೆಚ್ಚಿಬಿದ್ದಳು. "ಲೇ, ಜೀವ ಓಗೋ ಒತ್ನಾಗೆ ಪಂಚಾಯ್ತಿ ಮಾಡ್ತೀಯಾ?"

"ಜೀವ ಓಗೋ ಒತ್ತು ನಂಗೂ ಬಂದಿತ್ತು ಅತ್ತೆ. ಆಗ ನೀವು ಬಾಗ್ಲು ಮುಚ್ಚಿದ್ರಿ."

ಅವಳು ಗೋಡೆಗೆ ಒರಗಿ ಕೂತಳು. ನಾನು ಒನಕೆ ಮುಟ್ಟಲಿಲ್ಲ. ಕಷಾಯ ಕೊಡದೆ ಬಿಡುತ್ತಿದ್ದೆನೇ ಎಂದು ಮೊಮ್ಮಗಳು ಕೇಳಿದಳು. ಗೊತ್ತಿಲ್ಲ. ಆವತ್ತು ನನ್ನ ಹೊಟ್ಟೆಯಲ್ಲಿದ್ದ ಬೆಂಕಿಗೆ ಕನಿಕರ ಇರಲಿಲ್ಲ, ಅಷ್ಟು ಹೇಳಬಲ್ಲೆ. ಮಾವ ಮೊರದ ಕಡೆ ಕತ್ತು ಹೊರಳಿಸಿದ. ಆಮೇಲೆ ತುಟಿ ಒದ್ದೆ ಮಾಡಿಕೊಂಡು, "ಅರೂರ್ ಮಂಜಳ್ನಾಗೆ ಬಂತು" ಎಂದ. ಹರೂರಿನ ಅರಿಶಿನದ ಜೊತೆ. ಕೇಳಿಸಿದ್ದು ನನಗೂ ಅತ್ತೆಗೂ ಮಾತ್ರ.

ಕುಟ್ಟಿದೆ, ಕಾಸಿದೆ, ಕುಡಿಸಿದೆ. ಜ್ವರ ಬಿಟ್ಟಿತು. ನೋಡಲು ಬಂದ ಊರವರಿಗೆ ಮಾವ ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತು ಹೇಳಿದ: "ನಮ್ಮ ತೋಟದ ಗಡ್ಡೆ ಕಣಪ್ಪ. ನಮ್ಮ ಮಣ್ಣಿನ ಗುಣ ಅಂಗೈತೆ. ಬೇರೆ ಕಡೆ ಸಿಕ್ಕಲ್ಲ." ಅತ್ತೆ ತಲೆಯಾಡಿಸಿದಳು. ಕಳೆಯಾಗಿದ್ದಾಗ ನನ್ನ ತವರಿನದು; ಮದ್ದಾದ ಕೂಡಲೆ ಅವರ ಮಣ್ಣಿನದು. ಆಣೆಯ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ನಾನು ಒಳಗೆ ಹೋಗಿ ಮಗುವನ್ನು ಎತ್ತಿಕೊಂಡೆ. ಊರವರ ನಡುವೆಯೇ ನಡೆದು ಹೋಗಿ, "ಮೇಲಕ್ಕೇಳಿ" ಎಂದೆ. ಮಾವ ಏನೆಂದು ತಿಳಿಯದೆ ಎದ್ದು ನಿಂತ. ಚಾಪೆ ಸುತ್ತಿ ಕಂಕುಳಿಗೆ ಇಟ್ಟುಕೊಂಡು ಹೊಸ್ತಿಲು ಇಳಿದೆ. ಗಂಡ ಹಿಂದೆ ಬಂದು "ಎಲ್ಲಿಗೆ?" ಎಂದ. ಅಷ್ಟಾದರೂ ಬಾಯಿ ಬಂತಲ್ಲ ಎಂದುಕೊಂಡೆ. ಧರ್ಮಪುರಿಯಲ್ಲಿ ಬಸ್ಸು ಬದಲಾಯಿಸಿ ಪೆನ್ನಾಗರಂನಲ್ಲಿ ಇಳಿದು, ಊರಿಗೆ ನಡೆದೆ.

ಅವ್ವ ಜಗಲಿಯ ಮೇಲೆ ಕೂತು ಹಸಿ ಕೋರೆಯ ಕಡ್ಡಿ ಸೀಳುತ್ತಿದ್ದಳು. ನನ್ನನ್ನು ನೋಡಿದಳು, ಮಗುವನ್ನು ನೋಡಿದಳು, ಕಂಕುಳಲ್ಲಿದ್ದ ಚಾಪೆಯನ್ನು ನೋಡಿದಳು.

"ಕೋರೆ ಓಯ್ತಾ ಮಗಳೇ?"

"ಇಲ್ಲವ್ವ. ಇನ್ನೂ ಜಾಸ್ತಿ ಆಗೈತೆ."

ಅವ್ವ ಕತ್ತಿ ಕೆಳಗಿಟ್ಟು ಮಗುವಿಗೆ ಕೈ ಚಾಚಿದಳು.