ಗೋಧಿ ಮುಖ ನೋಡದ ಕಲ್ಲು

ದಿನೇದಿನೇ ಸೊರಗುತ್ತಿದ್ದ ಮಗಳಿಗೆ ಸೀಲಿಯಾಕ್ ಕಾಯಿಲೆಯಿದೆ, ಗೋಧಿಯ ಧೂಳೂ ಹೊಟ್ಟೆಗೆ ಹೋಗಬಾರದು ಎಂದರು ಡಾಕ್ಟರು. ನಮ್ಮದು ಜೋಳದ ಸೀಮೆ, ಇದೇನು ಕಷ್ಟವೆಂದು ಕೊಟ್ಟೂರಿನ ಗಿರಣಿಗೆ ಜೋಳ ಒಯ್ದೆ.

“ಈಗಷ್ಟೇ ಗೋಧಿ ಬೀಸೀನ್ರಿ. ಎಷ್ಟು ಝಾಡಿಸಿದ್ರೂ ಒಳಗ ಒಂದೀಟು ಉಳೀತೈತಿ,” ಎಂದ ಗಿರಣಿಯವನು.

ಸರದಿಯಲ್ಲಿ ನನ್ನ ಹಿಂದಿದ್ದ ಅಜ್ಜಿ ಬಾಯಿ ಹಾಕಿದಳು. “ನಮ್ಮನಿಗೆ ಬಾರಪ್ಪ. ಬೀಸೋಕಲ್ಲು ಐತಿ. ಅದು ಗೋಧಿ ಮುಖಾನ ನೋಡಿಲ್ಲ.”

“ಖಾತ್ರಿ ಏನಬೇ?”

“ಗೋಧಿ ತಿನ್ನೋವಷ್ಟು ಸಾವ್ಕಾರ್ರು ನಾವ್ಯಾವಾಗ ಆಗಿದ್ವಿ?”

ಯಾವ ಪೊಟ್ಟಣದ ಮೇಲೂ ಇಷ್ಟು ಗಟ್ಟಿ ಭರವಸೆ ಓದಿರಲಿಲ್ಲ.

ಈಗ ಮಗಳು ಎರಡನೇ ರೊಟ್ಟಿ ಕೇಳುತ್ತಾಳೆ. ವಾರಕ್ಕೊಮ್ಮೆ ಬೀಸುವವನು ನಾನು. ಅಜ್ಜಿ ಕಟ್ಟೆಯ ಮೇಲೆ ಕುಳಿತು ಹಿಟ್ಟು ಮುಟ್ಟಿ, “ತರಿತರಿ ಐತಿ, ಇನ್ನೊಮ್ಮಿ ಹಾಕು” ಎನ್ನುತ್ತಾಳೆ. ಕರೆಂಟು ಹೋಗಿದೆ ಎನ್ನಲು ಗಿರಣಿಯವನಿಗಿದ್ದ ಸೌಲಭ್ಯ ನನಗಿಲ್ಲ.