ಅಪ್ಪಯ್ಯನ ಪಿಕಪ್ಪಿಗೆ ಒಂದು ತೂತು

ಮೊನ್ನೆಯ ಹಿಂದಿನ ಭಾನುವಾರ ನಮ್ಮಮ್ಮ, ಎಪ್ಪತ್ತೆರಡು ವರ್ಷದ ಹೆಂಗಸು, ಹೊಸದಾಗಿ ಪೇಂಟ್ ಹೊಡೆದ ಪಿಕಪ್ಪಿನ ಅಡಿಗೆ ನುಗ್ಗಿ ಅಂಗಾತ ಮಲಗಿಬಿಟ್ಟಳು.

ನನಗೆ ಗಾಬರಿ. ಜಾರಿ ಬಿದ್ದಳೇ? ತಲೆ ಸುತ್ತು ಬಂತೇ? ಕೈಯಲ್ಲಿದ್ದ ಬ್ರಷ್ ಎಸೆದು ಓಡಿ ಹೋಗಿ ಬಗ್ಗಿ ನೋಡಿದೆ. ಅಮ್ಮ ಆರಾಮಾಗಿದ್ದಳು. ಕತ್ತಲಲ್ಲಿ ಬೆಂಕಿಪೊಟ್ಟಣ ಹುಡುಕುವವರ ಹಾಗೆ ಗಾಡಿಯ ಅಡಿಭಾಗವನ್ನು ಕೈಯಲ್ಲಿ ಸವರುತ್ತಿದ್ದಳು.

"ಎಂತ ಹುಡ್ಕುದ್ ಅಮ್ಮ?"

"ಒಟ್ಟಿ ಎಲ್ಲಿತ್ ಮಗಾ?"

(ಒಟ್ಟಿ ಅಂದರೆ ತೂತು. ನಮ್ಮ ಕಡೆಯವರಲ್ಲದ ಓದುಗರಿಗಾಗಿ ಹೇಳಿದೆ.)

"ಒಟ್ಟಿ ಎಲ್ಲಾ ಮುಚ್ಸಿದೆ. ಈಗ ದುರ್ಬೀನ್ ಹಾಕಿ ಹುಡ್ಕಿರೂ ಒಂದ್ ಸಿಕ್ಕುದಿಲ್ಲ" ಎಂದೆ. ಹೆಮ್ಮೆಯಿಂದಲೇ ಎಂದೆ. ಶಭಾಷ್ ಸಿಗುತ್ತದೆ ಅಂದುಕೊಂಡಿದ್ದೆ.

ಅಮ್ಮ ನಿಧಾನಕ್ಕೆ ಹೊರಗೆ ಬಂದಳು. ಸೆರಗಿನ ಮಣ್ಣು ಕೊಡವಿದಳು. "ಹಾಂಗಾರೆ ಇದ್ ನಮ್ ಗಾಡಿ ಅಲ್ಲ" ಎಂದವಳೇ ಮನೆಯೊಳಗೆ ನಡೆದಳು. ನಾನು ಅಂಗಳದಲ್ಲೇ ನಿಂತೆ.

ಎಂಟು ತಿಂಗಳು, ಸ್ವಾಮಿ! ಎಂಟು ತಿಂಗಳ ಒಂದೊಂದು ಭಾನುವಾರವನ್ನೂ ಆ ಗಾಡಿಗೆ ಸುರಿದಿದ್ದೇನೆ. ವಾರವಿಡೀ ಬಿಜೂರಿನಿಂದ ಬ್ರಹ್ಮಾವರಕ್ಕೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡುವುದು, ಭಾನುವಾರ ಬಂದರೆ ಹಳೇ ಲುಂಗಿ ಸುತ್ತಿ ಪಿಕಪ್ಪಿನ ಅಡಿಗೆ ಸೇರುವುದು. "ನಿಮ್ಮ ಮುಖ ನೋಡಿ ತಿಂಗಳಾಯಿತು, ಕಾಲು ಮಾತ್ರ ಭಾನುವಾರ ಭಾನುವಾರ ಕಾಣುತ್ತದೆ" ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು. (ತಮಾಷೆಯೇ ಇರಬೇಕು.)

ಅದು ಅಪ್ಪಯ್ಯನ ಪಿಕಪ್. ಮೀನಿನ ಗಾಡಿ. ಬೆಳಕು ಹರಿಯುವ ಮೊದಲೇ ಗಂಗೊಳ್ಳಿ ಬಂದರಿಗೆ ಹೋಗಿ ಬಂಗುಡೆಯೋ ಬೂತಾಯಿಯೋ ತುಂಬಿಕೊಂಡು, ಹಾರ್ನ್ ಹಾಕುತ್ತ ಊರೂರಿನಲ್ಲಿ ನಿಂತು, ಶಿರೂರಿನಲ್ಲಿ ಕೊನೆಯ ಬುಟ್ಟಿ ಖಾಲಿ ಮಾಡಿ ವಾಪಸಾಗುವುದು ಅವರ ಲೈನು. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಗಾಡಿ, ಅದೇ ದಾರಿ. ಅಪ್ಪಯ್ಯ ಹೋಗಿ ಆರು ವರ್ಷವಾಯಿತು. ಅಂದಿನಿಂದ ಗಾಡಿ ನಮ್ಮ ಅಂಗಳದ ತೆಂಗಿನ ಮರದ ಬದಿಯಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಗುಜರಿಯವರು ಬಂದು ಬಂದು ಹೋದರು. ಕೊಡಲಿಲ್ಲ. ರಿಪೇರಿಯೂ ಮಾಡಿಸಲಿಲ್ಲ.

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಟಾರ್ಪಾಲು ತೆಗೆದೆ. ಏರ್ ಫಿಲ್ಟರಿನಲ್ಲಿ ಇಲಿಯ ಸಂಸಾರವೊಂದು ನೆಮ್ಮದಿಯಾಗಿತ್ತು. ಡೀಸೆಲ್ ಟ್ಯಾಂಕಿನಲ್ಲಿ ಕೆಸರು. ಬ್ರೇಕ್ ಡ್ರಮ್ ಜಾಮ್. ಮೀನಿನ ಗಾಡಿಯ ತುಕ್ಕು ಗೊತ್ತಲ್ಲ? ವರ್ಷಗಟ್ಟಲೆ ಉಪ್ಪು ನೀರು ಕುಡಿದ ತಗಡು, ಬೆರಳಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚಿದೆ. ಬಿಚ್ಚಿದ್ದನ್ನು ಜೋಡಿಸಲು ಬಾರದೆ ಎಂಜಿನ್ ಮೆಕ್ಯಾನಿಕ್‌ನನ್ನು ಕರೆಸಿದ ಕತೆ ಬೇರೆ. ಉಜ್ಜುವುದು, ರೆಡ್ ಆಕ್ಸೈಡ್ ಹೊಡೆಯುವುದು, ಪುಟ್ಟಿ ಹಾಕುವುದು, ಮತ್ತೆ ಉಜ್ಜುವುದು ಮಾತ್ರ ನಾನೇ ಮಾಡಿದೆ.

ಹಿಂದಿನ ಡಬ್ಬದ ತಳ ಪೂರ್ತಿ ಹೋಗಿತ್ತು. ಅದಕ್ಕೆ ಉಪ್ಪುಂದದಿಂದ ವೆಲ್ಡಿಂಗ್ ನಾಗೇಶ ಬಂದ. "ಹಳಿ ತಗ್ಡ್ ಕತ್ರಿಸಿ ಹೊಸ ಶೀಟ್ ಹಾಕ್ವ. ಈ ಮೂಲಿಯಗೊಂದ್ ಪೈಪಿನ್ ತುಂಡ್ ಇತ್ತಲೆ, ಇದನ್ನ ಎಂತ ಮಾಡುದ್ ಮಾಷ್ಟ್ರೆ?" ಎಂದು ಕೇಳಿದ್ದ. ಹೌದು, ಕೇಳಿದ್ದ. ನಾನು ತಿರುಗಿಯೂ ನೋಡದೆ, "ಒಂದೇ ಒಂದು ತೂತು ಉಳಿಯಬಾರದು, ಎಲ್ಲ ಬಂದ್" ಎಂದು ಆರ್ಡರ್ ಮಾಡಿದ್ದೆ. ಹಳೆಯ ತಗಡು ಗುಜರಿಗೆ ಹೋಯಿತು.

ಇಷ್ಟೆಲ್ಲ ಯಾಕೆ ಮಾಡಿದೆ ಅಂತೀರಾ? ಗಾಡಿಯಿಂದ ನನಗೇನೂ ಆಗಬೇಕಿಲ್ಲ. ಒಂದೇ ಒಂದು ಆಸೆ. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಪ್ಪಯ್ಯನ ದಾರಿಯಲ್ಲೇ ಶಿರೂರಿನವರೆಗೆ ಒಮ್ಮೆ ಹೋಗಿ ಬರಬೇಕು. ಅಷ್ಟು ವರ್ಷದಲ್ಲಿ ಅಮ್ಮ ಆ ಲೈನಿಗೆ ಒಂದು ದಿನವೂ ಹೋದವಳಲ್ಲ. ಮುಂದಿನ ಸೀಟಿನಲ್ಲಿ ಯಾವಾಗಲೂ ತಕ್ಕಡಿ ಮತ್ತು ಪ್ಲಾಸ್ಟಿಕ್ ಕವರಿನ ಕಟ್ಟು ಕೂತಿರುತ್ತಿತ್ತು.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಬೆಳಗಾದ ಮೇಲೆ ಬಂದರಿನಿಂದ ಬರುವಾಗ ಅಪ್ಪಯ್ಯ ನನ್ನನ್ನೂ ಹತ್ತಿಸಿಕೊಳ್ಳುತ್ತಿದ್ದರು; ತಕ್ಕಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಆ ಗಾಡಿಯಲ್ಲಿ ಶಾಲೆಗೆ ಹೋಗುವಾಗ ನಾನು ಗೇಟಿನ ತನಕ ಹೋಗುತ್ತಿರಲಿಲ್ಲ. ಗದ್ದೆಯ ತುದಿಯಲ್ಲೇ, ಯಾರೂ ನೋಡದ ಕಡೆ ಇಳಿಯುತ್ತಿದ್ದೆ. ಮೀನಿನ ವಾಸನೆ! ಅಪ್ಪಯ್ಯನಿಗೆ ಅರ್ಥವಾಗಿತ್ತು. ಕೆಲವು ದಿನದ ನಂತರ ನಾನು ಹೇಳುವ ಮೊದಲೇ ಗದ್ದೆಯ ತುದಿಯಲ್ಲಿ ಬ್ರೇಕ್ ಹಾಕತೊಡಗಿದರು. ಈಗ ನೋಡಿ, ಫಿನಾಯಿಲು, ಶಾಂಪೂ, ಲಿಂಬೆಹಣ್ಣು ಎಲ್ಲ ಹಾಕಿ ತೊಳೆದ ಆ ಕ್ಯಾಬಿನ್ನಿನೊಳಗೆ ಬಾಗಿಲು ಹಾಕಿಕೊಂಡು ಕೂತು ಮೂಗು ಅರಳಿಸಿ ಹುಡುಕಿದ್ದೇನೆ. ಸ್ವಲ್ಪ, ಒಂದೇ ಸ್ವಲ್ಪ ಉಳಿದಿರಬಹುದೇ ಅಂತ. ಹೊಸ ರೆಕ್ಸಿನ್ನಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಹೀಗಿರುವಾಗ ಅಮ್ಮ "ನಮ್ ಗಾಡಿ ಅಲ್ಲ" ಅಂದುಬಿಟ್ಟರೆ?

ಒಳಗೆ ಹೋದೆ. ಅಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ಎದುರಿಗೆ ಕೂತೆ. "ಎಂತ ಅಮ್ಮ ಆ ಒಟ್ಟಿ ಕತಿ?" ಎಂದೆ.

"ಸುರೀಗೆ ಗಾಡಿ ತಂದಾಗ ಅಡಿ ತುಂಬಾ ಒಟ್ಟಿಯೇ. ಐಸ್ ನೀರೆಲ್ಲ ರಸ್ತಿ ಮೇಲೇ ಬೀಳ್ತಿತ್ತ್. ಎಲ್ಲರ್ ಗಾಡಿಯೂ ಹಾಂಗೇ ಅಲ್ದಾ, ಯಾರ್ ಎಂತ ಹೇಳ್ತ್ರ್? ಒಂದಿನ ನಾವುಂದದ ಹತ್ರ ತಿರ್ವಿನಗೆ ಹಿಂದೆ ಬಪ್ಪ ಸ್ಕೂಟರಿನವ ಆ ನೀರಗೆ ಜಾರಿ ಬಿದ್ದ. ಹಿಂದ್ ಕೂತ ಅವ್ನ್ ಹೆಂಡ್ತಿ ಕೈ ಮುರ್ದ್ ಹೋಯ್ತ್. ನಿನ್ ಅಪ್ಪಯ್ಯ ಮೀನಿನ್ ಬುಟ್ಟಿ ಎಲ್ಲ ರಸ್ತಿ ಬದಿಯಗೆ ಇಳ್ಸಿ, ಅವ್ರನ್ನ ಇದೇ ಗಾಡಿಯಗೆ ಕುಂದಾಪ್ರಕ್ಕೆ ಕರ್ಕಂಡ್ ಹೋರ್. ಮೀನೆಲ್ಲ ಬಿಸ್ಲಿಗೆ ಹಾಳಾಯ್ತ್. ಮನಿಗ್ ಬಂದವ್ರ್ ಉಂಬುಕೂ ಕೂತ್ಕಂಬ್ಲಿಲ್ಲ."

ಅಮ್ಮ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಎಸೆದಳು.

"ಮರ್ದಿನವೇ ಎಲ್ಲಾ ಒಟ್ಟಿ ಮುಚ್ಸ್ರ್. ಒಂದ್ ಮಾತ್ರ ಬಿಟ್ರ್. ಅದಕ್ಕೊಂದ್ ಪೈಪ್ ಕೂರ್ಸಿ, ಅಡಿಗೊಂದ್ ಕ್ಯಾನ್. ಕ್ಯಾನ್ ಕಟ್ಟುದ್ ನನ್ ಕೆಲ್ಸ. ದಾರಿ ಮೇಲೆ ತುಂಬ್ರೆ ಯಾರ್ದಾರೂ ತ್ವಾಟಕ್ಕೆ ಹೊಯ್ತಿದ್ರ್. ಉಳ್ದದ್ ನಮ್ ತೆಂಗಿನ ಬುಡಕ್ಕೆ."

"ನಂಗೆ ಯಾರೂ ಹೇಳ್ಲೇ ಇಲ್ಲ."

"ನೀ ಯಾವಾಗ್ ಕೇಂಡೆ?"

ಕೇಳಿರಲಿಲ್ಲ, ನಿಜ. ಆದರೆ ನಾನು ಆ ಕೆಲಸವನ್ನು ದಿನಾ ಕಿವಿಯಲ್ಲಿ ಕೇಳಿಸಿಕೊಂಡವನು! ಬೆಳಗಿನ ಜಾವ ನಾನಿನ್ನೂ ಹಾಸಿಗೆಯಲ್ಲಿರುತ್ತಿದ್ದೆ. ಹೊರಗೆ ಎಂಜಿನ್ ಸ್ಟಾರ್ಟ್ ಆಗುತ್ತಿತ್ತು. ಡ್ರೈವರ್ ಸೀಟಿನಿಂದ ಅಪ್ಪಯ್ಯ ಕೇಳುತ್ತಿದ್ದರು: "ಕಟ್ಟಿ ಆಯ್ತಾ?" ಗಾಡಿಯ ಹಿಂದಿನಿಂದ ಅಮ್ಮ ಕೂಗುತ್ತಿದ್ದಳು: "ಕಟ್ಟಿ ಆಯ್ತ್!" ಜೊತೆಗೆ ತಗಡಿಗೆ ಎರಡು ಬಡಿತ. ದಡ್, ದಡ್. ಗಾಡಿ ಹೊರಡುತ್ತಿತ್ತು. ನಾನು ಮಗ್ಗುಲು ಬದಲಿಸುತ್ತಿದ್ದೆ. ಟಾರ್ಪಾಲಿನ ಹಗ್ಗ ಕಟ್ಟುತ್ತಿರಬೇಕು ಅಂದುಕೊಂಡಿದ್ದೆ. ಇಷ್ಟು ವರ್ಷವೂ ಹಾಗೇ ಅಂದುಕೊಂಡಿದ್ದೆ.

ನಿಮಗೆ ನೆನಪಿರಬಹುದು. ಇದೇ ಅಂಕಣದಲ್ಲಿ ಒಮ್ಮೆ ಮೀನಿನ ಗಾಡಿಗಳು ಹೈವೇ ತುಂಬ ನೀರು ಚೆಲ್ಲಿಕೊಂಡು ಹೋಗುವುದರ ಬಗ್ಗೆ ಬರೆದು ಕೂಗಾಡಿದ್ದೆ. ಇವರಿಗೆ ಒಂದು ಕ್ಯಾನ್ ಕಟ್ಟಿಕೊಳ್ಳಲು ಏನು ಧಾಡಿ ಎಂದು ಕೇಳಿದ್ದೆ. ನೀವೆಲ್ಲ ಸರಿಯಾಗಿ ಬರೆದಿರಿ ಎಂದು ಮೆಸೇಜ್ ಕಳಿಸಿದಿರಿ. ನಾನು ಅದನ್ನೆಲ್ಲ ಅಮ್ಮನಿಗೆ ಓದಿ ಹೇಳಿದ್ದೆ. ಅಮ್ಮ ಆಗಲೂ ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡಿದ್ದಳು. ಕ್ಯಾನ್ ಕಟ್ಟಿದ್ದವರು ನನ್ನ ಮನೆಯಲ್ಲೇ ಇದ್ದರು, ನಾನು ಊರಿಗೆಲ್ಲ ಉಪದೇಶ ಮಾಡುತ್ತಿದ್ದೆ.

ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಬೇಜಾರಾಯಿತು. ಆ ಇಡೀ ಗಾಡಿಯಲ್ಲಿ ಅಮ್ಮನದು ಅಂತ ಇದ್ದದ್ದು ಒಂದು ತೂತು, ಒಂದು ಪೈಪು, ಒಂದು ಗಂಟು. ಅವಳ ಕೈ ಗಾಡಿಗೆ ತಾಗುತ್ತಿದ್ದ ಏಕೈಕ ಜಾಗ. ಅದನ್ನೇ ನಾನು ದುಡ್ಡು ಕೊಟ್ಟು ಮುಚ್ಚಿಸಿದ್ದೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗ, ಹಳೇ ಬಾವಿಕಟ್ಟೆಗೆ ಟೈಲ್ಸ್ ಹಾಕಿಸುವಾಗ ನಾವು ಮಾಡುವುದೂ ಇದೇ ಅಲ್ಲವೇ? ಮೊದಲು ನುಣ್ಣಗೆ ಮಾಡುತ್ತೇವೆ, ಆಮೇಲೆ ಕೇಳುತ್ತೇವೆ.

ನಾಗೇಶನಿಗೆ ಫೋನ್ ಮಾಡಿದೆ. ಮೊನ್ನೆ ಭಾನುವಾರ ಬಂದ. ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟ.

"ಹ್ವಾಯ್ ಮಾಷ್ಟ್ರೆ, ನಿಮ್ಗೆ ಎಂತ ಮರ್ಲಾ? ಒಟ್ಟಿ ಮುಚ್ಚುಕೂ ನಾನೇ, ಮಾಡುಕೂ ನಾನೇ? ಹೊಸ ಪೇಂಟ್ ಮಾರ್ರೆ!"

"ಮಾಡು ಮಾರಾಯ."

"ಮಾಡುವ. ಎಲ್ಲಿ ಮಾಡುದ್?"

ಅದು ಪ್ರಶ್ನೆ. ಎಲ್ಲಿ? ಹಳೇ ತಗಡು ಗುಜರಿಗೆ ಹೋಗಿತ್ತು. ಮೂಲೆ ಅನ್ನುವುದೇನೋ ನಾಗೇಶನಿಗೆ ನೆನಪಿತ್ತು, ಯಾವ ಮೂಲೆ ಅನ್ನುವುದು ಇಲ್ಲ. ಆ ಎಂಟು ತಿಂಗಳಲ್ಲಿ ಅವನು ಇಂಥ ಎಷ್ಟೋ ಗಾಡಿ ಮುಗಿಸಿದ್ದ. ಅಮ್ಮನನ್ನು ಕರೆದೆ. ಅಮ್ಮ ಗಾಡಿಯ ಹಿಂದೆ ಒಂದು ಸುತ್ತು ಹೋದಳು, ಕೈ ಚಾಚಿದಳು, ಹಿಂದಕ್ಕೆ ತೆಗೆದಳು.

"ನಂಗ್ ಎಂತ ಗೊತ್ತ್ ಮಗಾ? ಕತ್ಲಿಯಗೆ ಕೈ ತನ್ನಷ್ಟಕ್ಕೇ ಹೋತಿತ್ತ್. ಈಗ ಬೆಳ್ಕಗೆ ಗೊತ್ತಾತಿಲ್ಲ."

ನಾಗೇಶ ತಲೆ ಕೆರೆದುಕೊಂಡ. ನಾನೂ ಕೆರೆದುಕೊಂಡೆ. ಅಮ್ಮ ಮಾತ್ರ ಬಾವಿಕಟ್ಟೆಗೆ ಹೋಗಿ ಒಂದು ಕೊಡಪಾನ ನೀರು ಸೇದಿ ತಂದಳು. "ಗಾಡಿನ ಅದ್ರ್ ಜಾಗ್ಯಗೆ ನಿಲ್ಸ್" ಎಂದಳು. ತೆಂಗಿನ ಮರದ ಬದಿಗೆ, ಅಪ್ಪಯ್ಯ ದಿನಾ ನಿಲ್ಲಿಸುತ್ತಿದ್ದ, ಆಮೇಲೆ ಆರು ವರ್ಷ ನಿಂತೇ ಇದ್ದ ಜಾಗಕ್ಕೇ ಹಿಂದೆ ತಂದು ನಿಲ್ಲಿಸಿದೆ. ಅಮ್ಮ ಹೊಸ ತಳದ ಮೇಲೆ ಆ ನೀರನ್ನು ಪೂರ್ತಿ ಹೊಯ್ದಳು.

ನೀರು ಒಂದು ಕ್ಷಣ ಎಲ್ಲ ಕಡೆ ಹರಡಿತು. ಆಮೇಲೆ ಯಾವ ಅವಸರವೂ ಇಲ್ಲದೆ ಹಿಂದಕ್ಕೆ ಹೊರಟಿತು. ಎಡಕ್ಕೆ ತಿರುಗಿತು. ಎಡಬದಿಯ ಹಿಂದಿನ ಮೂಲೆಯಲ್ಲಿ ಹೋಗಿ ನಿಂತಿತು. ಮೂವರೂ ನೋಡಿದೆವು.

"ಅಲ್ಲೇ" ಎಂದಳು ಅಮ್ಮ.

ನನಗೆ ಆಗ ಹೊಳೆಯಿತು. ರಸ್ತೆಯೂ ಈ ಜಾಗದ ಹಾಗೆ ಎಡಕ್ಕೆ ಇಳಿಜಾರು. ಗಾಡಿ ಮುಂದೆ ಹೊರಟಾಗ ನೀರು ಹಿಂದಕ್ಕೆ. ಹಾಗಾಗಿ ಎಡಬದಿಯ ಹಿಂದಿನ ಮೂಲೆ. ಇದನ್ನೇ ನಾನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಮಕ್ಕಳಿಗೆ ಕಲಿಸುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪಯ್ಯ ಅದನ್ನು ಡ್ರಿಲ್ ಹಾಕಿ ಬರೆದಿದ್ದರು.

ನಾಗೇಶ ಗೊಣಗುತ್ತಲೇ ಡ್ರಿಲ್ ಇಟ್ಟ. ಹೊಸ ಪೇಂಟ್ ಸುರುಳಿ ಸುರುಳಿಯಾಗಿ ಎದ್ದಿತು. ನಿಂತಿದ್ದ ನೀರು ಸುರ್ ಎಂದು ಇಳಿದು ತೆಂಗಿನ ಬುಡದ ಕಡೆ ಹರಿಯಿತು. ಪೈಪಿನ ತುಂಡು ಕೂರಿಸಿ ವೆಲ್ಡ್ ಮಾಡಿದ. ಸುತ್ತ ಕಪ್ಪು ಕಲೆ ಉಳಿಯಿತು. "ಟಚಪ್ ಮಾಡ್ಕಾ?" ಎಂದ. ಬೇಡ ಎಂದೆ.

ಅಷ್ಟರಲ್ಲಿ ಅಮ್ಮ ಬಚ್ಚಲು ಕೊಟ್ಟಿಗೆಯ ಹಿಂದಿನಿಂದ ಒಂದು ಬಿಳೀ ಕ್ಯಾನ್ ತಂದಳು. ದಿನಾ ಅದರಲ್ಲೇ ಮಲ್ಲಿಗೆ ಗಿಡಕ್ಕೆ ನೀರು ಹಾಕುತ್ತಿದ್ದಳು. ಆರು ವರ್ಷದಿಂದ ನಾನು ನೋಡುತ್ತಲೇ ಇದ್ದ ಕ್ಯಾನ್! ಅದರ ಹಿಡಿಕೆಯಲ್ಲಿ ನೈಲಾನ್ ಹಗ್ಗದ ತುಂಡು ಹಾಗೇ ಇತ್ತು.

"ಮೀನಿಲ್ದಿದ್ ಗಾಡಿಗೆ ಕ್ಯಾನ್ ಎಂತಕೆ ಅಮ್ಮ?" ಎಂದು ನಾಗೇಶ ಕೇಳಿದ.

"ಗಾಡಿಗಲ್ಲ" ಎಂದಳು ಅಮ್ಮ. ಆ ಹಗ್ಗವನ್ನು ಎರಡು ಸಲ ಎಳೆದು ನೋಡಿದಳು.

ಕಾಗದಪತ್ರವೆಲ್ಲ ಆಗಿತ್ತು. ಹೊರಡುವುದೊಂದು ಬಾಕಿ. "ಶಿರೂರಿಗೆ ಬತ್ಯಾ?" ಎಂದು ಕೇಳಿದೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬತ್ತೆ. ನೀ ಹೋಯಿ ಕೂಕೋ" ಎಂದು ಗಾಡಿಯ ಹಿಂದಕ್ಕೆ ಹೋದಳು.

ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಎಂಜಿನ್ ಸ್ಟಾರ್ಟ್ ಮಾಡಿದೆ. ಕನ್ನಡಿಯಲ್ಲಿ ಬಗ್ಗಿದ ಅಮ್ಮನ ಬೆನ್ನು ಮಾತ್ರ ಕಾಣುತ್ತಿತ್ತು. ಅಪ್ಪಯ್ಯನ ಹಾಗೆ ನಾನೂ "ಕಟ್ಟಿ ಆಯ್ತಾ?" ಎಂದು ಕೇಳಬೇಕು, ಈಗ ಕೇಳಬೇಕು ಅಂದುಕೊಂಡೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಇನ್ನೇನು ಬಾಯಿ ತೆರೆಯಬೇಕು.

ದಡ್, ದಡ್. ತಗಡಿಗೆ ಎರಡು ಬಡಿತ.

"ಕಟ್ಟಿ ಆಯ್ತ್!" ಎಂದು ಹಿಂದಿನಿಂದ ಅಮ್ಮ ಕೂಗಿದಳು.

ನಾನಿನ್ನೂ ಕೇಳಿರಲೇ ಇಲ್ಲವಲ್ಲ. ಹಾಗಾದರೆ, ಕೇಳಿದ್ದು ಯಾರು?